ಹಿರೇಹಡಗಲಿಯ ತಾಮ್ರಪಟ ಮತ್ತು ಇಂದಿನ ಸಂಶೋಧನ ಪತ್ರಿಕೆಗಳು



ಸಂಶೋಧನ ಪತ್ರಿಕೆಗಳ ಪ್ರಾಮಾಣಿಕತೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದೀರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಅಧ್ಯಾಪಕರೂ ಸಂಶೋಧನ ವಿದ್ಯಾರ್ಥಿಗಳೂ ಸೇರಿರುವ ಈ ಸಭೆಯಲ್ಲಿ ಆ ವಿಷಯವನ್ನು ದೂರದಿಂದ ಆರಂಭಿಸಬೇಕಾಗಿಲ್ಲ. ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಿಂದಲೇ ಆರಂಭಿಸೋಣ.

ಹಿರೇಹಡಗಲಿಯಲ್ಲಿ ದೊರೆತ ತಾಮ್ರಪಟ ಪಲ್ಲವ ದೊರೆ ಶಿವಸ್ಕಂದವರ್ಮನು ಕಾಂಚೀಪುರದಿಂದ ಹೊರಡಿಸಿದ ದಾನಶಾಸನ. ಅದರ ಭಾಷೆ ಪ್ರಾಕೃತ. ಕಾಲ ಸುಮಾರು ಕ್ರಿ.ಶ. 4ನೆಯ ಶತಮಾನ. ಅದನ್ನು ಓದಿ ಪ್ರಕಟಿಸಿದವರು ವಿಯೆನ್ನಾದ ಪ್ರಾಧ್ಯಾಪಕ ಬ್ಯೂಲರ್. ಪ್ರಕಟವಾದದ್ದು 'ಎಪಿಗ್ರಾಫಿಯಾ ಇಂಡಿಕಾ' ಪತ್ರಿಕೆಯ 1892ರ ಮೊದಲನೆಯ ಸಂಪುಟದಲ್ಲಿ. ಬ್ಯೂಲರ್ ಆ ಕಾಲದ ಬಹುದೊಡ್ಡ ವಿದ್ವಾಂಸರು. ಆದರೂ 'ನಾನು ಹೇಳಿದ್ದೇನೆ, ನಂಬಿ' ಎಂಬ ಧಾಟಿ ಅಲ್ಲಿಲ್ಲ. ಪಾಠದ ಜೊತೆಗೆ ತಾಮ್ರಪಟದ ಪಡಿಯಚ್ಚನ್ನೂ ಮುದ್ರಿಸಲಾಯಿತು. ಅಕ್ಷರ ಬಲ್ಲ ಯಾರು ಬೇಕಾದರೂ ಅವರ ಓದನ್ನು ಪಕ್ಕದಲ್ಲಿಟ್ಟು ಪರೀಕ್ಷಿಸಬಹುದಿತ್ತು.

ಪರೀಕ್ಷೆ ನಡೆದೇ ನಡೆಯಿತು. 1894ರಲ್ಲಿ ಹೊರಬಂದ ಎರಡನೆಯ ಸಂಪುಟದಲ್ಲಿ ಲಾಯ್‌ಮನ್ ಎಂಬ ಮತ್ತೊಬ್ಬ ವಿದ್ವಾಂಸರು ಇದೇ ಶಾಸನದ ಬಗ್ಗೆ ಬರೆದು ಕೆಲವು ಓದುಗಳನ್ನು ತಿದ್ದಿದರು. ತಪ್ಪು ಅಚ್ಚಾದ ಪತ್ರಿಕೆಯಲ್ಲಿಯೇ ತಿದ್ದುಪಡಿಯೂ ಅಚ್ಚಾಯಿತು. ಹಲವು ವರ್ಷಗಳ ಮೇಲೆ, ಅದೇ ಪತ್ರಿಕೆಯ 14ನೆಯ ಸಂಪುಟದಲ್ಲಿ ಆದವಾನಿ ಸೀಮೆಯ ಮ್ಯಾಕದೋನಿ ಶಾಸನವನ್ನು ಸುಕ್ಥಂಕರ್ ಪ್ರಕಟಿಸಿದರು. ಅದರಲ್ಲಿ 'ಸಾತವಾಹನಿಹಾರ' ಎಂಬ ನಾಡಿನ ಹೆಸರು ಬಂದಿತು. ಹಿರೇಹಡಗಲಿಯ ತಾಮ್ರಪಟದಲ್ಲಿರುವ 'ಸಾತಾಹನಿ' ನಾಡಿಗೂ ಇದಕ್ಕೂ ಇರುವ ನಂಟನ್ನು ವಿದ್ವಾಂಸರು ಗುರುತಿಸಿದರು. ಬಳ್ಳಾರಿ ಸೀಮೆಯ ಪ್ರಾಚೀನ ಇತಿಹಾಸದ ಒಂದು ಕೊಂಡಿ ಹೀಗೆ ಕೂಡಿಕೊಂಡಿತು.

ಸಂಶೋಧನ ಪತ್ರಿಕೆಯ ಧರ್ಮವೆಲ್ಲ ಈ ಒಂದು ನಿದರ್ಶನದಲ್ಲಿ ಅಡಗಿದೆ. ಆಧಾರವನ್ನು ಓದುಗರ ಮುಂದಿಡಬೇಕು. ಬಲ್ಲವರು ಪರೀಕ್ಷಿಸಲು ಅವಕಾಶವಿರಬೇಕು. ತಪ್ಪು ಕಂಡರೆ ತಿದ್ದುಪಡಿಗೆ ಪುಟ ಕೊಡಬೇಕು. ಈ ಮೂರೂ ಇಲ್ಲದ ಕಡೆ ಉಳಿಯುವುದು ಬರೀ ಮುದ್ರಣ.

ಇಂದು ಅಂತಹ ಬರೀ ಮುದ್ರಣವೇ ದೊಡ್ಡ ವ್ಯಾಪಾರವಾಗಿದೆ. ಇದರ ರೀತಿ ನಿಮಗೆ ತಿಳಿಯದ್ದೇನಲ್ಲ. ಮೊಬೈಲಿಗೋ ಇ-ಮೇಲಿಗೋ ಒಂದು ಆಹ್ವಾನ ಬರುತ್ತದೆ. ಪತ್ರಿಕೆಯ ಹೆಸರಿನಲ್ಲಿ 'ಅಂತರರಾಷ್ಟ್ರೀಯ' ಎಂಬ ಪದ ಇದ್ದೇ ಇರುತ್ತದೆ. ಲೇಖನ ಕಳುಹಿಸಿದ ಎರಡು ಮೂರು ದಿನಗಳಲ್ಲಿ ಸ್ವೀಕೃತಿ, ಹಣ ಕಟ್ಟಿದೊಡನೆ ಪ್ರಕಟಣೆ, ಜೊತೆಗೊಂದು ಪ್ರಮಾಣಪತ್ರ. ನಡುವೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಿರುವುದಿಲ್ಲ. ಮುಖಪುಟದ ಐಎಸ್‌ಎಸ್‌ಎನ್ ಸಂಖ್ಯೆಯನ್ನು ಕಂಡು ಅನೇಕರು ಇದು ಮಾನ್ಯತೆಯ ಮುದ್ರೆ ಎಂದುಕೊಳ್ಳುತ್ತಾರೆ. ಅದು ನಿಯತಕಾಲಿಕವನ್ನು ಗುರುತಿಸುವ ಸಂಖ್ಯೆ ಮಾತ್ರ. ವಾಹನಕ್ಕೆ ನಂಬರು ಇದ್ದ ಮಾತ್ರಕ್ಕೆ ಚಾಲಕ ನಿಪುಣನೆಂದು ಹೇಳಲಾದೀತೆ?

ಈ ವ್ಯಾಪಾರ ಎಷ್ಟು ಹಬ್ಬಿದೆ ಎಂಬುದನ್ನು ಜಾನ್ ಬೊಹಾನನ್ ಎಂಬ ಪತ್ರಕರ್ತ 2013ರಲ್ಲಿ ಪರೀಕ್ಷಿಸಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಬೇಕೆಂದೇ ದೊಡ್ಡ ದೋಷಗಳನ್ನಿಟ್ಟ ಹುಸಿ ಪ್ರಬಂಧವೊಂದನ್ನು ಅವರು 304 ಪತ್ರಿಕೆಗಳಿಗೆ ಕಳುಹಿಸಿದರು. ಬರೆದವನೂ ಹುಸಿ, ಅವನ ಸಂಸ್ಥೆಯೂ ಹುಸಿ. ಆದರೂ 157 ಪತ್ರಿಕೆಗಳು ಅದನ್ನು ಸ್ವೀಕರಿಸಿದವು. ಅವುಗಳಲ್ಲಿ ಭಾರತದಲ್ಲಿ ನೆಲೆಯಿದ್ದವು 64. ನಿರಾಕರಿಸಿದ ಭಾರತದ ಪತ್ರಿಕೆಗಳು ಕೇವಲ 15.

ಇದಕ್ಕೆ ಕಾರಣ ನಮ್ಮ ವ್ಯವಸ್ಥೆಯಲ್ಲಿಯೇ ಇದೆ. ನೇಮಕಾತಿಗೂ ಬಡ್ತಿಗೂ ಪ್ರಕಟಣೆಗಳ ಲೆಕ್ಕ ಹಿಡಿಯುವ ಪದ್ಧತಿ ಬಲವಾದಂತೆ, ಏನು ಬರೆದರು ಎಂಬುದಕ್ಕಿಂತ ಎಷ್ಟು ಬರೆದರು ಎಂಬುದೇ ಮುಖ್ಯವಾಯಿತು. ಯುಜಿಸಿ 2017ರಲ್ಲಿ ಮಾನ್ಯ ಪತ್ರಿಕೆಗಳ ಪಟ್ಟಿ ಹೊರಡಿಸಿತು. ಆ ಪಟ್ಟಿಯೊಳಗೇ ಕಳಪೆ ಪತ್ರಿಕೆಗಳು ನುಸುಳಿದ್ದರಿಂದ 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಕೈಬಿಟ್ಟಿತು. ಬಳಿಕ 'ಕೇರ್' ಎಂಬ ಇನ್ನೊಂದು ಪಟ್ಟಿ ಬಂದಿತು. 2025ರಲ್ಲಿ ಅದನ್ನೂ ನಿಲ್ಲಿಸಿ, ಪತ್ರಿಕೆಯನ್ನು ಆರಿಸುವ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೂ ಕಾಲೇಜುಗಳಿಗೂ ವಹಿಸಲಾಯಿತು. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಯುಜಿಸಿ ನಿಯಮ 2022ರಲ್ಲಿಯೇ ಹೋಯಿತು. ಪಟ್ಟಿಗಳು ಬಂದವು, ಹೋದವು. ಕೊನೆಗೆ ವಿವೇಚನೆ ನಮ್ಮ ಪಾಲಿಗೇ ಉಳಿಯಿತು.

ಈ ವ್ಯಾಪಾರದಲ್ಲಿ ಹೆಚ್ಚು ಕಳೆದುಕೊಳ್ಳುವವರು ಯಾರು? ಬಡ ಸಂಶೋಧನ ವಿದ್ಯಾರ್ಥಿ, ಅರೆಸಂಬಳದ ಅತಿಥಿ ಉಪನ್ಯಾಸಕ. ಸಾಲ ಮಾಡಿ ಕಟ್ಟಿದ ಹಣಕ್ಕೆ ಅವರಿಗೆ ಸಿಗುವುದು ಸಂದರ್ಶನದಲ್ಲಿ ಯಾರೂ ಗೌರವಿಸದ ಒಂದು ಕಾಗದ. ಎರಡನೆಯ ನಷ್ಟ ನಮ್ಮ ಊರುಗಳದು. ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯಗಳನ್ನು ಅಲೆಕ್ಸಾಂಡರ್ ರೀ ಅವರು ಅಳೆದು, ಚಿತ್ರಿಸಿ 1896ರಲ್ಲಿ ಪುಸ್ತಕ ಮಾಡಿದರು. ಬಳ್ಳಾರಿ ಆಗ ಮದರಾಸು ಪ್ರಾಂತದಲ್ಲಿತ್ತು. ಈ ಸೀಮೆಯ ಕನ್ನಡ ಶಾಸನಗಳನ್ನು ಶಾಮಶಾಸ್ತ್ರಿಗಳೂ ಲಕ್ಷ್ಮೀನಾರಾಯಣರಾಯರೂ ಸಂಪಾದಿಸಿದ ಸಂಪುಟ 1939ರಲ್ಲಿ ಬಂದಿತು. ಆ ಆಕರಗಳನ್ನು ತೆರೆದೂ ನೋಡದೆ ಬರೆದ ಲೇಖನವೊಂದು ಇಂದು ಹಣಕ್ಕೆ ಅಚ್ಚಾಗುತ್ತದೆ. ನಾಳೆ ಅದನ್ನು ಮತ್ತೊಬ್ಬರು ಉದ್ಧರಿಸುತ್ತಾರೆ. ನಾಡಿದ್ದು ಅದು ಊರ ಗುಡಿಯ ವ್ಯಾಜ್ಯದಲ್ಲಿಯೋ ಜಾತಿಯ ಹಿರಿಮೆಯ ಜಗಳದಲ್ಲಿಯೋ 'ಸಂಶೋಧನೆ' ಎಂಬ ಹೆಸರಿನಲ್ಲಿ ಸಾಕ್ಷಿ ಹೇಳುತ್ತದೆ. ಸುಳ್ಳಿಗೆ ಅಚ್ಚಿನ ಬಲ ಬಂದರೆ ಅದನ್ನು ಇಳಿಸುವುದು ಕಷ್ಟ.

ತಪ್ಪೆಲ್ಲ ಪತ್ರಿಕೆಗಳದ್ದೇ ಅಲ್ಲ. ಬರೆಯುವವರ ಧರ್ಮವೂ ಇದೆ. ಕೆಲಸ ಮಾಡದ ಮಾರ್ಗದರ್ಶಕರ ಹೆಸರನ್ನು ಲೇಖಕರ ಸಾಲಿಗೆ ಸೇರಿಸುವುದು ಗುರುಭಕ್ತಿಯಲ್ಲ. ಮೈಲಾರದ ಗೊರವರಿಂದಲೋ ಕೂಡ್ಲಿಗಿಯ ಮ್ಯಾಸಬೇಡರ ಹಾಡುಗಾರರಿಂದಲೋ ರಾತ್ರಿಯೆಲ್ಲ ಹಾಡಿಸಿ ಬರೆದುಕೊಂಡು, ಅವರ ಹೆಸರು, ಊರುಗಳನ್ನೇ ಬಿಟ್ಟು ಪ್ರಕಟಿಸುವುದೂ ಒಂದು ಬಗೆಯ ಕೃತಿಚೌರ್ಯವೇ.

ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ನಿಯಮ ಮಾಡಿದೆ. ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ, ಪಿಎಚ್.ಡಿ. ಪ್ರಬಂಧದಲ್ಲಿ ಶೇಕಡಾ 60 ಮೀರಿದರೆ ನೋಂದಣಿಯೇ ರದ್ದು. ಹೋಲಿಕೆಯನ್ನು ಕಂಪ್ಯೂಟರ್ ಹೇಳುತ್ತದೆ. ಆದರೆ ತನ್ನ ಭಂಡಾರದಲ್ಲಿ ಇರುವುದರ ಜೊತೆಗೆ ಮಾತ್ರ ಅದು ಹೋಲಿಸಬಲ್ಲದು. 'ಪ್ರಬುದ್ಧ ಕರ್ನಾಟಕ'ದ ಹಳೆಯ ಸಂಚಿಕೆಯಿಂದ ಪುಟಗಟ್ಟಲೆ ಎತ್ತಿದರೂ, ಆ ಸಂಚಿಕೆ ಯಂತ್ರದ ಕೈಗೆ ಸಿಕ್ಕಿಲ್ಲವಾದರೆ ಅದು 'ಶುದ್ಧ' ಎಂದೇ ತೀರ್ಪು ಕೊಡುತ್ತದೆ. ಓದಿಕೊಂಡ ಮನುಷ್ಯನೊಬ್ಬ ಅಲ್ಲಿರಲೇಬೇಕು.

ಹಣ ಪಡೆಯುವ ಪತ್ರಿಕೆಗಳೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. ಎಲ್ಲರಿಗೂ ಉಚಿತವಾಗಿ ಓದಲು ಸಿಗಲೆಂದು ಲೇಖಕರಿಂದ ಶುಲ್ಕ ಪಡೆದು, ಕಟ್ಟುನಿಟ್ಟಾಗಿ ಪರಿಶೀಲಿಸುವ ಒಳ್ಳೆಯ ಪತ್ರಿಕೆಗಳೂ ಇವೆ. ಗುರುತಿಸುವ ಬಗೆ ಸರಳ. ಸಂಪಾದಕ ಮಂಡಲಿಯಲ್ಲಿ ಹೆಸರಿರುವವರಿಗೆ ಒಂದು ಪತ್ರ ಬರೆದು, 'ನೀವು ನಿಜವಾಗಿ ಅಲ್ಲಿದ್ದೀರಾ?' ಎಂದು ಕೇಳಿ. ಹಿಂದಿನ ಸಂಚಿಕೆಗಳ ನಾಲ್ಕು ಲೇಖನಗಳನ್ನು ಓದಿ ನೋಡಿ. ಎಂದಾದರೂ ತಿದ್ದುಪಡಿ ಪ್ರಕಟಿಸಿದ್ದಾರೆಯೇ ಎಂದು ಹುಡುಕಿ. ನಿಮ್ಮ ಲೇಖನ ಒಂದೂ ಪ್ರಶ್ನೆಯಿಲ್ಲದೆ ಸ್ವೀಕೃತವಾದರೆ ಸಂತೋಷಪಡಬೇಡಿ, ಸಂಶಯಪಡಿ.

ಕಾಲೇಜುಗಳ ಹಿರಿಯರಲ್ಲಿ ನನ್ನದೊಂದು ವಿನಂತಿ. ಈ ಐದು ತಾಲ್ಲೂಕುಗಳ ಅಧ್ಯಾಪಕರು ತಿಂಗಳಿಗೊಮ್ಮೆ ಸೇರಿ, ಕಿರಿಯರ ಒಂದು ಲೇಖನವನ್ನು ಗಟ್ಟಿಯಾಗಿ ಓದಿಸಿ, ಆಧಾರ ಕೇಳಿ, ತಪ್ಪು ತಿದ್ದಿ ಕಳುಹಿಸಿದರೆ ಸಾಕು. ಅದಕ್ಕೆ ಶುಲ್ಕವಿಲ್ಲ, ಪ್ರಮಾಣಪತ್ರವೂ ಇಲ್ಲ. ಆದರೆ ಅಲ್ಲಿ ಗೆದ್ದ ಲೇಖನ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಬ್ಯೂಲರರಂತಹವರ ಓದನ್ನೇ ತಿದ್ದಿಸಿಕೊಂಡ ಶಾಸನ ನಮ್ಮ ನೆಲದ್ದು. ತಿದ್ದಿಸಿಕೊಳ್ಳಲು ನಾವು ನಾಚಬೇಕಾಗಿಲ್ಲ.