ಹತ್ತನೆಯ ತರಗತಿಯಾಚೆಯ ದಾರಿ

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತಾಗ ಹಿಂದಿನದನ್ನು ನೆನೆಯುವುದು ಸಹಜ. 1956ರ ನವೆಂಬರ್ 1ರವರೆಗೆ ನಾರಾಯಣಖೇಡ, ಜಹೀರಾಬಾದ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಪುನರ್ವಿಂಗಡಣೆಯಲ್ಲಿ ಬೀದರ ಅತ್ತ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಇತ್ತ ಆಂಧ್ರಪ್ರದೇಶಕ್ಕೆ ಬಂದೆವು. ಮನೆಯ ಮಾತು ಬದಲಾಗಲಿಲ್ಲ, ಬೀಗತನ ಮುರಿಯಲಿಲ್ಲ. ಆದರೆ ಮಗು ಹತ್ತನೆಯ ತರಗತಿ ಮುಗಿಸಿದ ದಿನ ಆ ಗಡಿರೇಖೆ ನಮ್ಮ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಅದರ ಬಗ್ಗೆಯೇ ಇಂದು ಮಾತನಾಡಬೇಕೆಂದಿದ್ದೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 2023ರಲ್ಲಿ ನಮ್ಮ ಶಾಲೆಯಿಂದ ಒಳ್ಳೆಯ ಅಂಕ ಪಡೆದು ಹೊರಬಂದ ಹುಡುಗಿಯೊಬ್ಬಳಿಗೆ ವೈದ್ಯಳಾಗುವ ಹಂಬಲವಿತ್ತು. ಅವಳ ತಂದೆ, "ಅಕ್ಕೋರೆ, ಎಲ್ಲಿ ಕಳಿಸಲಿ?" ಎಂದು ಕೇಳಿದಾಗ, "ಬೀದರಿಗೆ ಕಳಿಸಿರಿ, ಮಾತು ಒಂದೇ, ಹತ್ತಿರವೂ ಆಯಿತು" ಎಂದೆ. ಅವಳು ಅಲ್ಲಿ ಪಿಯುಸಿ ಓದಿದಳು, ನೀಟ್ ಬರೆದಳು. ಆದರೆ ತೆಲಂಗಾಣದ ವೈದ್ಯಕೀಯ ಪ್ರವೇಶಕ್ಕೆ ಸ್ಥಳೀಯ ಅಭ್ಯರ್ಥಿ ಎನಿಸಬೇಕಾದರೆ ಇಂಟರ್ ಸೇರಿದಂತೆ ಕೊನೆಯ ನಾಲ್ಕು ವರ್ಷ ಸತತವಾಗಿ ಇದೇ ರಾಜ್ಯದಲ್ಲಿ ಓದಿರಬೇಕೆಂದು 2024ರಲ್ಲಿ ನಿಯಮ ತಿದ್ದುಪಡಿಯಾಯಿತು. 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿಯೋ, ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಏಳು ವರ್ಷ ಆ ರಾಜ್ಯದಲ್ಲಿ ಓದಿರಬೇಕೆಂಬುದು ಸಾಮಾನ್ಯ ನಿಯಮ. ಅವಳು ಓದಿದ್ದು ಎರಡೇ ವರ್ಷ. ಹೊರನಾಡು ಕನ್ನಡಿಗರಿಗೆ ಅಲ್ಲಿ ಬೇರೆ ಅವಕಾಶವಿದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯೂ ಉಂಟು ಎಂಬುದು ನಮಗೆ ತಿಳಿಯುವ ಹೊತ್ತಿಗೆ ಆ ವರ್ಷದ ಪರೀಕ್ಷೆ ಮುಗಿದುಹೋಗಿತ್ತು.

2024ರ ಬದಲಾವಣೆಯನ್ನು ನಾನು ಮೊದಲೇ ಊಹಿಸಲಾರದವಳಾಗಿದ್ದೆ, ನಿಜ. ಆದರೆ ಏಳು ವರ್ಷದ ನಿಯಮ ಮೊದಲಿನಿಂದಲೂ ಇತ್ತು, ನಾನು ಓದಿರಲಿಲ್ಲ. ಅಭಿಮಾನದಿಂದ ಸಲಹೆ ಕೊಟ್ಟೆ, ವಿಚಾರಿಸಿ ಕೊಡಲಿಲ್ಲ. ಆ ಹುಡುಗಿ ಇಂದು ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಅದು ಗೌರವದ ವೃತ್ತಿ; ಆದರೆ ಅವಳು ಆರಿಸಿಕೊಂಡದ್ದಲ್ಲ.

ಆದ್ದರಿಂದ ಪಾಲಕರಲ್ಲಿ ನನ್ನ ಮೊದಲ ಬಿನ್ನಹ: ಹತ್ತನೆಯ ತರಗತಿಯ ನಂತರ ಮಗುವನ್ನು ಗಡಿ ದಾಟಿಸುವ ಮುನ್ನ ಎರಡೂ ರಾಜ್ಯಗಳ ಆ ವರ್ಷದ ಪ್ರವೇಶ ಕೈಪಿಡಿಯನ್ನು ಓದಿರಿ. ಓದಲು ಬಾರದಿದ್ದರೆ ಶಾಲೆಗೆ ಬನ್ನಿರಿ, ಕೂಡಿ ಓದೋಣ. ಗಡಿಯಲ್ಲಿದ್ದೇವೆ ಎಂದಮಾತ್ರಕ್ಕೆ 'ಗಡಿನಾಡು ಕನ್ನಡಿಗ' ಎಂಬ ಸೌಲಭ್ಯ ತಾನಾಗಿ ದೊರೆಯುವುದಿಲ್ಲ. ಕರ್ನಾಟಕದ ನಿಯಮದಲ್ಲಿ ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತದಂತಹ ಮತ್ತು ಕೇರಳದ ಕಾಸರಗೋಡಿನಂತಹ ತಾಲ್ಲೂಕುಗಳನ್ನು ಹೆಸರಿಸಿಯೇ ಹೇಳಲಾಗಿದೆ. ವ್ಯಾಸಂಗ ಪ್ರಮಾಣಪತ್ರಗಳನ್ನು ಒಂದನೆಯ ತರಗತಿಯಿಂದ ಜೋಪಾನವಾಗಿಡಿರಿ.

ಎರಡನೆಯದು ಭಾಷೆಯ ಮಾತು. ನೀಟ್ ಪರೀಕ್ಷೆ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತದೆ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ. ಅರ್ಜಿಯಲ್ಲಿ ಒಮ್ಮೆ ಬರೆದ ಭಾಷೆಯನ್ನು ಆಮೇಲೆ ಬದಲಿಸಲಾಗದು. ತೆಲಂಗಾಣದ ಇಎಪಿಸೆಟ್ ಇಂಗ್ಲಿಷ್, ತೆಲುಗು, ಉರ್ದು ಭಾಷೆಗಳಲ್ಲಿದೆ, ಕನ್ನಡದಲ್ಲಿಲ್ಲ. ಇಂಜಿನಿಯರಿಂಗ್ ಪತ್ರಿಕೆಯಲ್ಲಿ 160 ಪ್ರಶ್ನೆಗಳು, ಅದರಲ್ಲಿ 80 ಗಣಿತದವು. ನಮ್ಮ ಮಕ್ಕಳಿಗೆ ಗಣಿತ ಬರುತ್ತದೆ. 'ವರ್ಗ ಸಮೀಕರಣ' ಎಂದರೆ ಬಿಡಿಸುತ್ತಾರೆ, 'ಕ್ವಾಡ್ರಾಟಿಕ್ ಈಕ್ವೇಷನ್' ಎಂದರೆ ತಡವರಿಸುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ, ಹೆಸರಿನ ಕೊರತೆ. ಅದಕ್ಕಾಗಿ ಮಾಧ್ಯಮವನ್ನೇ ಬಿಡಬೇಕಾಗಿಲ್ಲ. ಎಂಟನೆಯ ತರಗತಿಯಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಎರಡು ಸಾಲಿನ ಪದಕೋಶವೊಂದನ್ನು ಬರೆಯತೊಡಗಲಿ: ಒಂದು ಕಡೆ ದ್ಯುತಿಸಂಶ್ಲೇಷಣೆ, ಮತ್ತೊಂದು ಕಡೆ ಫೋಟೋಸಿಂಥೆಸಿಸ್. ದಿನಕ್ಕೆ ಐದು ಪದಗಳಾದರೂ ಮೂರು ವರ್ಷಕ್ಕೆ ಬೇಕಾದಷ್ಟಾಗುತ್ತವೆ. ಪರಿಕಲ್ಪನೆ ತಾಯ್ನುಡಿಯಲ್ಲಿ ಗಟ್ಟಿಯಾಗಿದ್ದರೆ ಹೆಸರು ಕಲಿಯುವುದು ಕಷ್ಟವಲ್ಲ. ಒಂದು ಶತಮಾನದ ಹಿಂದೆ ಇದೇ ಸೀಮೆಯ ಕನ್ನಡದ ಮಕ್ಕಳು 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋದರೆ ಉರ್ದುವಿನಲ್ಲಿ ಓದಬೇಕಾಗಿತ್ತು. ನುಡಿ ಬದಲಿಸಿ ಕಲಿಯುವುದು ನಮಗೆ ಹೊಸದಲ್ಲ.

ಮೂರನೆಯದು, ದಾರಿಗಳು ಒಂದೆರಡೇ ಅಲ್ಲ ಎಂಬುದು. ಬಾಸರದ ಆರ್‌ಜಿಯುಕೆಟಿಯಲ್ಲಿ ಹತ್ತನೆಯ ತರಗತಿಯ ಸಾಧನೆಯ ಮೇಲೆಯೇ ಆರು ವರ್ಷದ ಬಿ.ಟೆಕ್. ಪ್ರವೇಶ ದೊರೆಯುತ್ತದೆ, ಬೇರೆ ಪ್ರವೇಶ ಪರೀಕ್ಷೆಯಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಅಲ್ಲಿ ಹೆಚ್ಚಿನ ಅಂಕದ ಅನುಕೂಲವೂ ಇದೆ. ಪಾಲಿಸೆಟ್ ಬರೆದು ಡಿಪ್ಲೊಮಾ ಮುಗಿಸಿದವರು ಇಸೆಟ್ ಮೂಲಕ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಬಹುದು. ಉಪಾಧ್ಯಾಯರಾಗಬಯಸುವವರು ತೆಲಂಗಾಣದ ಟೆಟ್‌ನಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಆರಿಸಿಕೊಳ್ಳಬಹುದು. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಎಂಟಿಎಸ್ ಪರೀಕ್ಷೆ ಈಗ ಕನ್ನಡದಲ್ಲಿಯೂ ಇದೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಕನ್ನಡ, ತೆಲುಗು, ಇಂಗ್ಲಿಷ್ ಮೂರನ್ನೂ ಓದಬಲ್ಲ, ಸಂತೆಯಲ್ಲಿ ದಖನಿಯನ್ನೂ ಆಡಬಲ್ಲ ಹುಡುಗ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಎಷ್ಟು ಉಪಯುಕ್ತನೆಂಬುದನ್ನು ನಾವೇ ಮರೆಯುತ್ತೇವೆ.

ಹಳೆಯ ವಿದ್ಯಾರ್ಥಿಗಳೇ, ಈಗ ನಿಮ್ಮಲ್ಲಿ ಒಂದು ಬೇಡಿಕೆ. ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟಿಸುತ್ತೇವೆಂದು ಕೆಲವರು ಹೇಳಿದಿರಿ. ನಿಮ್ಮ ಪ್ರೀತಿ ದೊಡ್ಡದು. ಆದರೆ ಕಮಾನಿಗಿಂತ ನಿಮ್ಮ ಕಾಲ ನಮಗೆ ಹೆಚ್ಚು ಬೇಕಾಗಿದೆ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದು ಇಂಟರ್ ಆರಂಭವಾಗುವವರೆಗಿನ ಬೇಸಿಗೆಯಲ್ಲಿ ತಲಾ ಒಂದು ವಾರ ಬಂದು, ವಿಜ್ಞಾನ ಗಣಿತಗಳನ್ನು ಇಂಗ್ಲಿಷ್ ಪದಗಳೊಡನೆ ಮತ್ತೆ ಒಮ್ಮೆ ಹೇಳಿಕೊಡಿರಿ. ಅರ್ಜಿ ತುಂಬಿಸಲು ಒಬ್ಬರು ಕುಳಿತರೂ ಸಾಕು. ಮೊದಲ ಉದ್ಯೋಗದಲ್ಲಿ ನೀವು ಪಟ್ಟ ಪಾಡನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಿರಿ. ಅವರಿಗೆ ಅದೇ ಧೈರ್ಯ.

ಇತ್ತ ಶಾಲೆಯ ಪಾಲಿನದನ್ನು ನಾನು ಮಾಡುತ್ತೇನೆ. ಈ ವರ್ಷದಿಂದ ಎರಡೂ ರಾಜ್ಯಗಳ ಪ್ರವೇಶ ಸೂಚನೆಗಳನ್ನು, ಅರ್ಜಿಯ ಕೊನೆಯ ದಿನಾಂಕಗಳನ್ನು ಕನ್ನಡದಲ್ಲಿ ಬರೆದು ಕಚೇರಿಯ ಹೊರಗಿನ ಫಲಕದ ಮೇಲೆ ಹಾಕಿಸುತ್ತೇನೆ. ಆ ಹುಡುಗಿಯ ತಂದೆಗೆ ನಾನು ಕೊಟ್ಟಂತಹ ಉತ್ತರವನ್ನು ಈ ಶಾಲೆ ಇನ್ನೊಬ್ಬ ಪಾಲಕರಿಗೆ ಕೊಡಬಾರದು.