ಶಾಸನಸಭೆಯಲ್ಲಿ ಶಾಂತವೇರಿ ಗೋಪಾಲಗೌಡರು

ಶಾಸನಸಭೆಯ ಸದಸ್ಯನೊಬ್ಬನ ಕಾರ್ಯವನ್ನು ಯಾವುದರಿಂದ ಅಳೆಯಬೇಕು? ಅಧಿಕಾರಸ್ಥಾನವನ್ನು ಏರಿದವರಿಗೆ ಲೆಕ್ಕ ಒಪ್ಪಿಸಲು ರಸ್ತೆ, ಕಟ್ಟಡ, ಅಣೆಕಟ್ಟುಗಳುಂಟು. ವಿರೋಧಪಕ್ಷದಲ್ಲಿಯೇ ಕುಳಿತು ಕಾಲ ಕಳೆದವನಿಗೆ ಏನುಂಟು? ಶಾಂತವೇರಿ ಗೋಪಾಲಗೌಡರ ಜೀವನವನ್ನು ನೋಡುವವರಿಗೆ ಈ ಪ್ರಶ್ನೆ ಏಳದೆ ಇರದು.

ಗೌಡರು ಜನಿಸಿದುದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. 1942ರ ಚಳವಳಿಯಲ್ಲಿ ಎಳೆಯ ವಯಸ್ಸಿನಲ್ಲಿಯೇ ಸೆರೆಮನೆಯನ್ನು ಕಂಡರು. ಆದರೆ ಅವರ ರಾಜಕೀಯ ಜೀವನಕ್ಕೆ ತಳಹದಿಯಾದುದು 1951ರ ಕಾಗೋಡು ಸತ್ಯಾಗ್ರಹ. ಸಾಗರದ ಸೀಮೆಯಲ್ಲಿ ಒಕ್ಕಲಾದವನು ಗೇಣಿಯ ಬತ್ತವನ್ನು ಧಣಿಯ ಕೊಳಗದಿಂದ ಅಳೆದು ಕೊಡಬೇಕಾಗಿದ್ದಿತು. ಕೊಳಗ ಹಿಗ್ಗಿದಷ್ಟೂ ಗೇಣಿ ಹೆಚ್ಚುವುದು. ಕೊಳಗಗಳ ಎಣಿಕೆ ಮಾತ್ರ ಹಿಂದಿನಂತೆಯೇ ಇರುವುದು. ಅಳತೆಯಾದರೂ ನ್ಯಾಯವಾಗಿರಲೆಂದು ದೀವರ ಒಕ್ಕಲುಗಳು ಕೇಳಿದರು. ಎಚ್. ಗಣಪತಿಯಪ್ಪನವರ ನೇತೃತ್ವದ ರೈತಸಂಘದ ಈ ಹೋರಾಟಕ್ಕೆ ಸಮಾಜವಾದಿ ಪಕ್ಷವು ಬೆಂಬಲವಾಗಿ ನಿಂತಿತು. ರಾಮಮನೋಹರ ಲೋಹಿಯಾ ಅವರು ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಗೋಪಾಲಗೌಡರು ಆ ಸತ್ಯಾಗ್ರಹದ ಮುಂದಾಳುಗಳಲ್ಲೊಬ್ಬರು.

1952ರಲ್ಲಿ ಸಾಗರ-ಹೊಸನಗರದ ಮತದಾರರು ಅವರನ್ನು ಮೈಸೂರು ವಿಧಾನಸಭೆಗೆ ಕಳುಹಿಸಿದರು. 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿನವಾಗಿದ್ದ ಸಭೆ ಅದು. ಅಲ್ಲಿ ಸಂಖ್ಯಾಬಲವಿಲ್ಲದವನಿಗೆ ಮಾತೊಂದೇ ಆಧಾರ. ಉಳುವವನಿಗೆ ಭೂಮಿ ದೊರೆಯಬೇಕು, ಆಡಳಿತದಲ್ಲಿ ಕನ್ನಡ ನೆಲಸಬೇಕು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗಬೇಕು: ಇವು ಅವರು ಹಿಡಿದು ಬಿಡದೆ ಹೋದ ವಿಷಯಗಳು. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಬಂದರು. ಮಂತ್ರಿಪದವಿ ಅವರಿಗೆ ಎಂದೂ ಬರಲಿಲ್ಲ. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ, ತೀರಿಕೊಂಡರು.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. 1961ರ ಭೂಸುಧಾರಣಾ ಶಾಸನಕ್ಕೆ ದೇವರಾಜ ಅರಸರ ಸರ್ಕಾರವು ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಅಂದಿನಿಂದ ಗೇಣಿಯ ಜಮೀನುಗಳು ಸರ್ಕಾರದ ವಶವಾಗಿ, ಒಕ್ಕಲು ತಾನು ಉಳುವ ನೆಲದ ಒಡೆತನಕ್ಕಾಗಿ ಭೂನ್ಯಾಯಮಂಡಲಿಗೆ ಅರ್ಜಿ ಕೊಡಬಹುದಾಯಿತು.

ಇವೆಲ್ಲವೂ ಗೌಡರೊಬ್ಬರಿಂದಲೇ ಆದುವೆಂದರೆ ಅತಿಶಯೋಕ್ತಿಯಾದೀತು. ಶಾಸನವನ್ನು ತಂದವರು ಬೇರೆಯವರು. ಅದಕ್ಕಾಗಿ ಸೆರೆ ಹೋದವರೂ ಹಲವರು. ಆದರೆ ಒಂದು ಶಾಸನವು ಅಂಗೀಕಾರವಾಗುವ ಮೊದಲು ಅದರ ಅಗತ್ಯವನ್ನು ಸಭೆಯು ಮರೆಯದಂತೆ ಯಾರಾದರೂ ನೋಡಿಕೊಳ್ಳಬೇಕು. ಫಲವನ್ನು ತಾನು ಕಾಣುವೆನೋ ಇಲ್ಲವೋ ಎಂದು ಲೆಕ್ಕಿಸದೆ ಗೋಪಾಲಗೌಡರು ಆ ಕೆಲಸವನ್ನು ಮಾಡಿದರು. ಮತ ಕೇಳಲು ಬಂದವರನ್ನು ಏನು ಕಟ್ಟಿಸಿದಿರಿ ಎಂದು ಕೇಳುವುದು ಸಹಜ. ಸಭೆಯಲ್ಲಿ ಯಾರ ಪರವಾಗಿ ಮಾತನಾಡಿದಿರಿ ಎಂದೂ ಕೇಳುವುದು ಮತದಾರರ ಧರ್ಮ.