ಎಣಿಕೆಗಿಂತ ಮೊದಲು ಮಾತು

(ಶಹಾಪುರದ ಶರಣ ಸಂಗಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

2027ರ ಜನಗಣತಿಯಲ್ಲಿ ನಾವು ಏನು ಬರೆಸಬೇಕು ಎಂಬುದು ನನಗೆ ಕೊಟ್ಟ ವಿಷಯ. ಅದಕ್ಕೆ ಒಂದು ವಾಕ್ಯ ಸಾಕು. ಧರ್ಮದ ಕಾಲಮ್ಮಿನಲ್ಲಿ ನಾನು ಲಿಂಗಾಯತ ಎಂದೇ ಬರೆಸುವವನು. ಅದರಲ್ಲಿ ನನಗೆ ಅನುಮಾನವಿಲ್ಲ. ಉಳಿದ ಸಮಯದಲ್ಲಿ, ಬೇರೆ ಬರೆಸುವ ನಮ್ಮವರ ಜೊತೆ ಹೇಗೆ ಬಾಳಬೇಕು ಎಂಬುದನ್ನು ಮಾತಾಡುತ್ತೇನೆ.

2017ರಲ್ಲಿ ಬೀದರ್, ಬೆಳಗಾವಿ, ಕಲಬುರಗಿಗಳಲ್ಲಿ ದೊಡ್ಡ ಸಮಾವೇಶಗಳಾದವು. 2018ರ ಮಾರ್ಚಿನಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ಶಿಫಾರಸನ್ನು ರಾಜ್ಯ ಸರ್ಕಾರ ಒಪ್ಪಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ನಡುವೆ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಬಂತು. ಶಾಸಕರನ್ನು ಆರಿಸುವ ಚುನಾವಣೆಯನ್ನು ನಾವೇ ಧರ್ಮದ ಜನಮತಗಣನೆ ಮಾಡಿಕೊಂಡೆವು. ಸೋತವರು ಯಾರು, ಗೆದ್ದವರು ಯಾರು ಎಂದು ಬೂತ್ ಲೆಕ್ಕ ಹಿಡಿದು ಜಗಳಾಡಿದೆವು. ಅತ್ತ 2015ರಲ್ಲಿ ಕಾಂತರಾಜ ಆಯೋಗ ನಡೆಸಿದ ಸಮೀಕ್ಷೆಯ ವರದಿ ಸರ್ಕಾರದ ಕೈ ಸೇರಿದ್ದು 2024ರಲ್ಲಿ. 2025ರ ಸೆಪ್ಟೆಂಬರ್ 22ರಿಂದ ಮತ್ತೆ ಹೊಸ ಸಮೀಕ್ಷೆ. ಒಬ್ಬರು ಲಿಂಗಾಯತ ಅನ್ನಿರಿ ಎಂದರು, ಇನ್ನೊಬ್ಬರು ವೀರಶೈವ-ಲಿಂಗಾಯತ ಎಂದರು, ಮತ್ತೊಬ್ಬರು ಹಿಂದೂ ಎಂದರು. ಈಗ ಜಾತಿಯನ್ನೂ ಎಣಿಸುವ 2027ರ ಜನಗಣತಿ. ಹನ್ನೆರಡು ವರ್ಷದಲ್ಲಿ ಮೂರನೆಯ ಎಣಿಕೆ. ಪ್ರತಿ ಎಣಿಕೆಗೂ ಮನೆಯೊಳಗೆ ಒಂದು ಗೋಡೆ ಏಳುತ್ತಿದೆ.

ನಮ್ಮ ಮನೆಯಲ್ಲೂ ಎದ್ದಿತು. ನನ್ನ ತಮ್ಮ ವೀರಶೈವ-ಲಿಂಗಾಯತ ಒಂದೇ ಎನ್ನುವವನು. 2018ರಲ್ಲಿ ಊಟಕ್ಕೆ ಕುಳಿತಾಗ ಮಾತಿಗೆ ಮಾತು ಬೆಳೆಯಿತು. ಎರಡು ವರ್ಷ ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ. ಆ ನಡುವೆ ಅವ್ವ ಲಿಂಗೈಕ್ಯಳಾದಳು. ಕ್ರಿಯಾಸಮಾಧಿಯ ಎರಡು ಬದಿಗೆ ಇಬ್ಬರೂ ನಿಂತೆವು, ಮಾತಾಡಲಿಲ್ಲ. ಅವ್ವ ಯಾವ ಕಾಲಮ್ಮಿನವಳು ಎಂದು ನಾವಿಬ್ಬರೂ ಎಂದೂ ಕೇಳಿರಲಿಲ್ಲ. ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂಡುತ್ತಿದ್ದಳು, ಅಷ್ಟೆ.

ಇಂಥದ್ದನ್ನು ನಾನು ನೌಕರಿಯಲ್ಲೂ ಕಂಡಿದ್ದೆ. ನಾರಾಯಣಪುರ ಎಡದಂಡೆ ಕಾಲುವೆಯ ಒಂದು ವಿತರಣಾ ಕಾಲುವೆ ನನ್ನ ಹೊಣೆಯಲ್ಲಿತ್ತು. ಮೇಲಿನ ರೈತರು ಭತ್ತ ನಾಟಿ ಮಾಡಿದ್ದರು. ಕೊನೆಭಾಗದವರ ಹತ್ತಿ ಒಣಗುತ್ತಿತ್ತು. ಸಭೆ ಕರೆದೆ. "ಕೈ ಎತ್ತಸ್ರಿ ಸಾಹೇಬ್ರ, ಯಾರು ಜಾಸ್ತಿ ಅದಾರ ಅವ್ರಿಗೆ ನೀರು" ಎಂದರು. ಎತ್ತಿಸಿದೆ. ಮೇಲಿನವರು ಗೆದ್ದರು. ಆ ರಾತ್ರಿಯೇ ಗೇಟಿನ ಬೀಗ ಮುರಿದಿತ್ತು. ಹದಿನೈದು ದಿನಕ್ಕೆ ಮತ್ತೆ ಸಭೆ. ಕೊನೆಭಾಗದವರು ಎರಡು ಟ್ರ್ಯಾಕ್ಟರ್ ಜನ ತಂದರು, ಗೆದ್ದರು. ಈ ಸಲ ಬೀಗ ಮುರಿದವರು ಮೇಲಿನವರು. ಮೂರನೆಯ ಸಲ ನಾನು ಕೈ ಎತ್ತಿಸಲಿಲ್ಲ. ಎರಡೂ ಕಡೆಯ ನಾಲ್ಕು ನಾಲ್ಕು ಹಿರಿಯರನ್ನು ಕರೆದುಕೊಂಡು ತೂಬಿನಿಂದ ಕೊನೆಯ ಹೊಲದವರೆಗೆ ನಡೆದೆ. ಒಣಗಿದ ಹೊಲದ ಬದುವಿನ ಮೇಲೆ ಕುಳಿತು ಮೇಲಿನವರೇ ಸರದಿಯ ಮಾತೆತ್ತಿದರು. ಎಣಿಕೆ ತಪ್ಪಾಗಿರಲಿಲ್ಲ. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಆಗಿರಲಿಲ್ಲ.

ದೊಡ್ಡ ದೇಶಗಳದ್ದೂ ಇದೇ ಕಥೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಪ್ರತ್ಯೇಕತೆಯ ಕುರಿತು 1980ರಲ್ಲಿ ಜನಮತಗಣನೆ ನಡೆಯಿತು. ಬೇಡ ಎಂದವರು ಸುಮಾರು ಶೇ. 60. ಪ್ರಶ್ನೆ ಮುಗಿಯಲಿಲ್ಲ. 1995ರಲ್ಲಿ ಮತ್ತೆ ನಡೆಯಿತು. ಬೇಡ ಶೇ. 50.58, ಬೇಕು ಶೇ. 49.42. ಅಂದು ರಾತ್ರಿ ಸೋತ ಪ್ರಧಾನ, ಹಣ ಮತ್ತು ಪರಜನಾಂಗದವರ ಮತ ತಮ್ಮನ್ನು ಸೋಲಿಸಿತು ಎಂದು ವೇದಿಕೆಯಿಂದಲೇ ದೂರಿದರು. ಪಕ್ಕದ ಮನೆಯವರಿಗೆ ಆ ಮಾತು ಹೇಗೆ ತಾಗಿರಬೇಕು! 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಂದು ದಾರಿ ಹೇಳಿತು: ಪ್ರಶ್ನೆ ಸ್ಪಷ್ಟವಿರಲಿ, ಬಹುಮತ ಸ್ಪಷ್ಟವಿರಲಿ, ಆಮೇಲೂ ಎರಡೂ ಕಡೆಯವರು ಕುಳಿತು ಮಾತಾಡಲೇಬೇಕು. ಅಂದರೆ ಗೆದ್ದವರಿಗೂ ಮಾತುಕತೆ ತಪ್ಪಿದ್ದಲ್ಲ.

ನಮ್ಮ ಸುರಪುರ ಸೀಮೆಯ ಕೆಂಭಾವಿಯ ಭೋಗಣ್ಣನ ಕಥೆ ನಿಮಗೆ ಗೊತ್ತು. ಕುಲದ ಹೊರಗಿನವರನ್ನು ಮನೆಯೊಳಗೆ ಕರೆದು ಉಣಿಸಿದ ತಪ್ಪಿಗೆ ಅವನನ್ನು ಊರು ಹೊರಗೆ ಹಾಕಿತು. ಊರಿನ ಲಿಂಗಗಳೆಲ್ಲ ಅವನ ಹಿಂದೆ ಹೊರಟವು ಎನ್ನುತ್ತದೆ ಐತಿಹ್ಯ. ಅಂದು ಕೈ ಎತ್ತಿಸಿದ್ದರೆ ಭೋಗಣ್ಣ ಸೋಲುತ್ತಿದ್ದ. ಸತ್ಯ ಎಷ್ಟು ಜನರ ಕಡೆ ಇದೆ ಎಂಬುದನ್ನು ಎಣಿಕೆ ಹೇಳಲಾರದು. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿತು. 2011ರ ಗಣತಿಯಲ್ಲಿ ಇಡೀ ದೇಶದಲ್ಲಿ ಅವರು ಸುಮಾರು 45 ಲಕ್ಷ. ಅವರಿಗೆ ಮಾನ್ಯತೆ ತಂದದ್ದು ತಲೆಗಳ ದೊಡ್ಡ ಲೆಕ್ಕವಲ್ಲ.

ಈಗ ಒಂದು ಕಹಿ ಮಾತು. ಧರ್ಮದ ಕಾಲಮ್ಮಿನಲ್ಲಿ ಲಿಂಗಾಯತ ಎಂದು ಬರೆಸುವ ನಾವು ಮಗಳಿಗೆ ವರ ಹುಡುಕುವಾಗ ಬಣಜಿಗರೋ, ಪಂಚಮಸಾಲಿಯೋ, ಗಾಣಿಗರೋ, ಜಂಗಮರೋ ಎಂದು ಕೇಳುತ್ತೇವೆ. ಆ ಕಾಲಮ್ಮನ್ನು ಯಾವ ಸರ್ಕಾರವೂ ನಮ್ಮ ಮನೆಗೆ ತಂದಿಲ್ಲ. ನಾವು ಬೇರೆ ಧರ್ಮದವರು ಎಂಬುದಕ್ಕೆ ಬಸವಣ್ಣನ ಸಮಾನತೆಯೇ ಆಧಾರ. ಆ ಆಧಾರ ನಮ್ಮ ಮನೆಯಲ್ಲೇ ಇಲ್ಲದಿದ್ದರೆ ಗಣತಿದಾರರ ಪಟ್ಟಿಯಲ್ಲಿ ಇದ್ದು ಏನು ಪ್ರಯೋಜನ?

ಆದ್ದರಿಂದ ಮೂರು ವಿನಂತಿ. ಗಣತಿದಾರರು ಬಂದಾಗ ಪಕ್ಕದ ಮನೆಗೆ ಹೋಗಿ ಉತ್ತರ ಹೇಳಿಕೊಡಬೇಡಿ. ಅವರ ಉತ್ತರ ಅವರದ್ದು. ಬೇರೆ ಬರೆಸಿದರು ಎಂದು ಮದುವೆ, ಮಣ್ಣು, ಗದ್ದುಗೆಯ ಪ್ರಸಾದ ಬಿಡಬೇಡಿ. ಮೂರನೆಯದು, ಅವರು ಬರುವ ಮೊದಲೇ ನಿಮ್ಮನ್ನು ಒಪ್ಪದ ಒಬ್ಬರ ಮನೆಗೆ ಹೋಗಿ, ಮೊದಲು ಅವರ ಮಾತು ಕೇಳಿ, ಆಮೇಲೆ ನಿಮ್ಮದು ಹೇಳಿ.

ತಮ್ಮನ ಮನೆಗೆ ಈಗ ಹೋಗಿ ಬರುತ್ತೇನೆ. ಆದರೆ ಈ ವಿಷಯ ಇಬ್ಬರೂ ಎತ್ತುವುದಿಲ್ಲ. ಅದು ಶಾಂತಿಯಲ್ಲ, ಅಂಜಿಕೆ. ಈ ಸಲ ನಾನೇ ಎತ್ತುತ್ತೇನೆ. ಅವನು ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೂ ಅವನ ಪಕ್ಕದಲ್ಲೇ ಕುಳಿತು ಉಂಡು ಬರುತ್ತೇನೆ.